ಅಪ್ಪ ಅಮ್ಮಂಗೆ ಮ್ಯೂಸಿಯಂ ತೋರಿಸೋಕೆ ಹೊರಟಿರೋ ವ್ಯಾಂಕೂವರ್ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ವ್ಯಾಂಕೂವರ್, ಬರ್ನಬಿ, ಸರ್ರೆ, ರಿಚ್ಮಂಡ್ ಕಡೆ ಇರೋ ಎಲ್ಲಾ ಕನ್ನಡದವ್ರಿಗೂ ನಮಸ್ಕಾರ.

ಮೇ ತಿಂಗಳು ಬಂತು ಅಂದ್ರೆ ನಮ್ಮಲ್ಲಿ ಸುಮಾರು ಮನೆಗಳಿಗೆ ಊರಿಂದ ಅಪ್ಪ ಅಮ್ಮ ಬರ್ತಾರೆ, ಅತ್ತೆ ಮಾವ ಬರ್ತಾರೆ, ಜೆಟ್‌ಲ್ಯಾಗ್ ಇಳೀತಿದ್ದಂಗೆ ತಿರುಗಾಟದ ಲಿಸ್ಟ್ ಶುರು ಆಗತ್ತೆ, ಕ್ಯಾಪಿಲಾನೋ ತೂಗುಸೇತುವೆ, ಸ್ಟಾನ್ಲಿ ಪಾರ್ಕು, ಗ್ರೌಸ್ ಮೌಂಟನ್ನು, ವಿಸ್ಲರು, ಆಮೇಲೆ ಮಳೆ ಬಂದ ದಿನಕ್ಕಿರಲಿ ಅಂತ ಯುಬಿಸಿ (ಯೂನಿವರ್ಸಿಟಿ ಆಫ್ ಬ್ರಿಟಿಷ್ ಕೊಲಂಬಿಯಾ) ಕ್ಯಾಂಪಸ್ಸಲ್ಲಿರೋ ಮ್ಯೂಸಿಯಂ ಆಫ್ ಆಂಥ್ರೊಪಾಲಜಿ. ಈ ಪತ್ರ ಆ ಕೊನೇ ಜಾಗದ ಬಗ್ಗೆ.

ನಾನು ಕೇಳ್ಕೊಳ್ಳೋದು ಒಂದೇ. ಅಲ್ಲಿಗೆ ಹೋದಾಗ "ಇಲ್ಲಿ ಹಿಂದೆ ಯಾರೋ ಆದಿವಾಸಿಗಳು ಇದ್ರಂತೆ, ಇದೆಲ್ಲ ಅವ್ರದ್ದಂತೆ" ಅಂತ ದಯವಿಟ್ಟು ಹೇಳ್ಬೇಡಿ. ಇದ್ರಂತೆ ಅಲ್ಲ, ಇದಾರೆ. ಆ ಬಿಲ್ಡಿಂಗ್ ನಿಂತಿರೋ ನೆಲಾನೇ ಮಸ್ಕ್ವೀಮ್ ಅನ್ನೋ ಮೂಲಜನರದ್ದು, ಅವರು ಅದನ್ನ ಯಾವ ಒಪ್ಪಂದದಲ್ಲೂ ಯಾರಿಗೂ ಬರ್ಕೊಟ್ಟಿಲ್ಲ, ಅವರ ಊರು ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಫ್ರೇಸರ್ ನದಿ ಪಕ್ಕ ಇವತ್ತಿಗೂ ಇದೆ. ನಮ್ಮ ಮಕ್ಕಳ ಕ್ಲಾಸಲ್ಲಿ ಮಸ್ಕ್ವೀಮ್, ಸ್ಕ್ವಾಮಿಶ್, ಸ್ಲೇವಾಟೂತ್ ಮಕ್ಕಳು ಇರ್ಬೋದು. ಅಂಥಾ ಊರಲ್ಲಿದ್ಕೊಂಡು ನಾವು ಗ್ರೂಪಲ್ಲಿ ಹೋಗಿ, ಮುಖವಾಡದ ಮುಂದೆ ನಿಂತು "ಏನ್ರೀ ಇದು ದೆವ್ವದ ತರ ಇದೆ" ಅಂತ ಜೋರಾಗಿ ನಕ್ಕು, ಟೋಟೆಮ್ ಕಂಬದ ಮುಂದೆ ಫೋಟೋ ತೆಗೆಸ್ಕೊಂಡು, ಮುಕ್ಕಾಲು ಗಂಟೇಲಿ ಕೆಫೆಗೆ ಬಂದು ಕೂತ್ಕೊಳ್ಳೋದನ್ನ ನಾನು ಎಷ್ಟೋ ಸಲ ಕಣ್ಣಾರೆ ನೋಡಿದೀನಿ, ಪ್ರತೀ ಸಲ ಸಂಕಟ ಆಗತ್ತೆ, ಅದಕ್ಕೇ ಬರೀತಿದೀನಿ.

ಮ್ಯೂಸಿಯಂಗೆ ಹೋಗೋ ಮುಂಚೆನೇ ಶುರು ಮಾಡಬಹುದು. ಏರ್‌ಪೋರ್ಟಿಂದ ವ್ಯಾಂಕೂವರ್ ಸಿಟಿ ಕಡೆಗೆ ಬರೋವಾಗ ಆರ್ಥರ್ ಲೇಂಗ್ ಬ್ರಿಜ್ ದಾಟ್ತೀವಲ್ಲ, ಆ ಬ್ರಿಜ್ ಇಳಿಯೋ ಜಾಗಾನೇ ಮಾರ್ಪೋಲ್, ಅಲ್ಲಿ ತ್ಸಸ್ನಮ್ ಅಂತ ಮಸ್ಕ್ವೀಮ್ ಜನರ ಸಾವಿರಾರು ವರ್ಷ ಹಳೇ ಊರು ಇತ್ತು. 1880ರ ದಶಕದಿಂದ ಅದನ್ನ ಅಗೆದು ಅಗೆದು ಅಲ್ಲಿ ಮಣ್ಣು ಮಾಡಿದ್ದ ಹಿರಿಯರ ಎಲುಬು, ಅವರ ಸಾಮಾನು ಎಲ್ಲಾ ಬೇರೆ ಬೇರೆ ಮ್ಯೂಸಿಯಂಗಳಿಗೆ ಸಾಗಿಸಿದ್ರು. 1933ರಲ್ಲಿ ಅದನ್ನ ರಾಷ್ಟ್ರೀಯ ಐತಿಹಾಸಿಕ ತಾಣ ಅಂತ ಘೋಷಣೆ ಮಾಡಿದ್ರು, ಆದ್ರೂ 2012ರಲ್ಲಿ ಅಲ್ಲಿ ಅಪಾರ್ಟ್‌ಮೆಂಟ್ ಕಟ್ಟೋಕೆ ಹೊರಟು ನೆಲ ಅಗೀತಾ ಇದ್ದಾಗ ಮತ್ತೆ ಹಿರಿಯರ ಎಲುಬು, ಹಸುಗೂಸುಗಳ ಎಲುಬು ಸಿಕ್ತು, ಮಸ್ಕ್ವೀಮ್ ಜನ ರಸ್ತೆ ಪಕ್ಕ ಕೂತ್ಬಿಟ್ರು, ಇನ್ನೂರು ದಿನಕ್ಕೂ ಹೆಚ್ಚು ಕೂತಿದ್ರು, ಕೊನೆಗೆ ಕಟ್ಟೋದು ನಿಂತೋಯ್ತು. ಅಪ್ಪ ಅಮ್ಮ ವಿಮಾನ ಇಳಿದು ಕಾರಲ್ಲಿ ಕೂತ ಹತ್ತು ನಿಮಿಷಕ್ಕೇ ಈ ಜಾಗ ಬರತ್ತೆ, ಅಲ್ಲೇ ತೋರಿಸಿ ಹೇಳಿ. ನೋಡೋಕೆ ಅಲ್ಲಿ ಏನೂ ಇಲ್ಲ ನಿಜ, ಆದ್ರೆ ಈ ಊರು ಕೆನಡಾ ಅನ್ನೋ ದೇಶದಿಂದ ಶುರು ಆಗಿಲ್ಲ ಅನ್ನೋದು ಅಲ್ಲಿಂದಲೇ ತಲೆಗೆ ಬರತ್ತೆ.

ಇನ್ನು ಮ್ಯೂಸಿಯಂ. 1947ರಲ್ಲಿ ಯೂನಿವರ್ಸಿಟಿ ಲೈಬ್ರರಿಯ ಬೇಸ್‌ಮೆಂಟಲ್ಲಿ ಶುರುವಾಗಿದ್ದು, ಈಗಿರೋ ಕಟ್ಟಡ ಆರ್ಥರ್ ಎರಿಕ್ಸನ್ ಡಿಸೈನ್ ಮಾಡಿದ್ದು, 1976ರಲ್ಲಿ ತೆರೆದಿದ್ದು. ಕರಾವಳಿ ಜನರ ದೊಡ್ಡ ಮರದ ಮನೆಗಳಲ್ಲಿ ಕಂಬದ ಮೇಲೆ ಅಡ್ಡ ತೊಲೆ ಕೂರಿಸ್ತಾರಲ್ಲ, ಅದೇ ಲೆಕ್ಕಾನ ಕಾಂಕ್ರೀಟಲ್ಲಿ ಮಾಡಿದಾರೆ. ಗ್ರೇಟ್ ಹಾಲ್ ಒಳಗೆ ಹೋದ್ರೆ ಸುಮಾರು 15 ಮೀಟರ್ ಎತ್ತರದ ಗಾಜು, ಆ ಕಡೆ ಸಮುದ್ರ, ಬೆಟ್ಟ, ಈ ಕಡೆ ಕೆಂಪು ಸೀಡರ್ ಮರದ ಕಂಬಗಳು. ಭೂಕಂಪ ತಡ್ಕೊಳ್ಳೋ ಹಾಗೆ ಆ ಹಾಲನ್ನ ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದ್ರು, 2024ರ ಜೂನಲ್ಲಿ ಮತ್ತೆ ತೆಗೆದ್ರು. ಬೆಳಕು ತುಂಬಾ ಚೆನ್ನಾಗಿರತ್ತೆ, ಫೋಟೋ ಬೇಡ ಅಂತ ನಾನು ಹೇಳಲ್ಲ, ತೆಗೀರಿ. ಆದ್ರೆ ತೆಗೆಯೋಕೆ ಮುಂಚೆ ಆ ಕಂಬ ಇಲ್ಲಿಗೆ ಹೆಂಗೆ ಬಂತು ಅಂತ ಒಂದು ಸಲ ಯೋಚನೆ ಮಾಡಿ.

ಯಾಕಂದ್ರೆ ಕಂಬ ಅಂದ್ರೆ ಅಲಂಕಾರಕ್ಕೆ ಕೆತ್ತಿದ್ದಲ್ಲ. ಒಂದು ಕುಟುಂಬದ ಹಕ್ಕಿನ ಗುರುತುಗಳು ಅದ್ರಲ್ಲಿರೋದು, ಕಾಗೆ, ಹದ್ದು, ಕರಡಿ, ಬೀವರ್, ತಿಮಿಂಗಿಲ, ಯಾವ ಮನೆತನಕ್ಕೆ ಯಾವ ಕಥೆ ಹೇಳೋ ಹಕ್ಕಿದೆ ಅನ್ನೋದು ಅಲ್ಲಿದೆ, ಕೆಲವು ತೀರ್ಕೊಂಡ ಮುಖ್ಯಸ್ಥರ ನೆನಪಿಗೆ ನಿಲ್ಲಿಸಿದ್ದು, ಕೆಲವುದರ ತುದೀಲಿ ಸತ್ತವರ ಪೆಟ್ಟಿಗೇನೇ ಇಡ್ತಿದ್ರು. 1862ರಲ್ಲಿ ವಿಕ್ಟೋರಿಯಾದಿಂದ ಹರಡಿದ ಸಿಡುಬು ಇಡೀ ಕರಾವಳೀನ ಗುಡಿಸಿ ಹಾಕ್ತು, ಹೈಡಾ ಅನ್ನೋ ಮೂಲಜನರ ಹೈಡಾ ಗ್ವಾಯ್ ದ್ವೀಪಗಳಲ್ಲಿ ಊರಿಗೆ ಊರೇ ಖಾಲಿ ಆಗಿ ಉಳಿದವ್ರು ಒಂದೆರಡು ಊರಿಗೆ ಬಂದು ಸೇರ್ಕೊಂಡ್ರು. ಹಿಂಗೆ ಬಿಟ್ಟು ಬಂದ ಊರುಗಳಲ್ಲಿ ಸ್ಗಾಂಗ್ ಗ್ವಾಯ್ ಒಂದು. 1957ರಲ್ಲಿ ಮ್ಯೂಸಿಯಂಗಳ ತಂಡ ಅಲ್ಲಿಗೆ ಹೋಗಿ ಕಂಬಗಳನ್ನ ಇಳಿಸಿ, ತುಂಡು ಮಾಡಿ, ವಿಕ್ಟೋರಿಯಾಕ್ಕೂ ಯುಬಿಸಿಗೂ ತಂತು, ಉಳಿದವ್ರು ಬಂದು ಸೇರಿದ್ದ ಸ್ಕಿಡಗೇಟ್ ಊರಿನವರ ಒಪ್ಪಿಗೆ ತಗೊಂಡೇ ತಂದಿದ್ದು. ಉಳಿದ ಕಂಬಗಳು ಇವತ್ತೂ ಅದೇ ದ್ವೀಪದಲ್ಲಿ ಪಾಚಿ ಹಿಡಿದು ವಾಲ್ಕೊಂಡು ನಿಂತಿದಾವೆ, 1981ರಿಂದ ಅದು ಯುನೆಸ್ಕೋ ತಾಣ, ಹೈಡಾ ಜನಾನೇ ಕಾವಲಿದಾರೆ. ಮಣ್ಣಿಂದ ಬಂದಿದ್ದು ಮಣ್ಣಿಗೆ ಹೋಗ್ಲಿ ಅನ್ನೋ ಹೈಡಾ ಹಿರಿಯರೂ ಇದಾರೆ. ಮ್ಯೂಸಿಯಂ ಒಳಗೆ ಮಳೆ ಬೀಳದೆ ಉಳ್ಕೊಂಡಿರೋ ಕಂಬಾನ ನೋಡಿ "ಅಯ್ಯೋ ಪುಣ್ಯಕ್ಕೆ ಉಳಿಸಿದ್ರಲ್ಲ" ಅಂತ ತಕ್ಷಣ ಅನ್ಸತ್ತೆ, ಸಹಜಾನೇ, ಆದ್ರೆ ಆ ಇನ್ನೊಂದು ಮಾತೂ ಅಪ್ಪ ಅಮ್ಮನ ಕಿವಿಗೆ ಬೀಳಲಿ ಅಂತ ನನ್ನಾಸೆ.

ಇದಕ್ಕಿಂತ ಮುಖ್ಯವಾದ ಒಂದು ಕಥೆ ಇದೆ, ಇದನ್ನ ಮಾತ್ರ ಮನೇಲೇ ಹೇಳಿ ಕರ್ಕೊಂಡು ಹೋಗಿ. ಪಾಟ್‌ಲ್ಯಾಚ್ ಕಥೆ. ಈ ಕರಾವಳೀಲಿ ಮಗೂಗೆ ಹೆಸರಿಡೋದು, ಮದುವೆ, ಸತ್ತವರ ನೆನಪು, ಮುಖ್ಯಸ್ಥನ ಪಟ್ಟ, ಏನೇ ಇರ್ಲಿ ಅದಕ್ಕೊಂದು ದೊಡ್ಡ ಕೂಟ, ಅದ್ರಲ್ಲಿ ಕುಣಿತ, ಮುಖವಾಡ, ಭಾಷಣ, ಊಟ, ಕೊನೆಗೆ ಕರೆದವರು ಬಂದವರಿಗೆಲ್ಲ ಉಡುಗೊರೆ ಕೊಡ್ತಾರೆ. ಬಂದವರು ಬರೀ ನೆಂಟರಲ್ಲ, ಸಾಕ್ಷಿಗಳು, ಈ ಹೆಸರು ಇವನಿಗೆ ಸೇರಿದ್ದು ಅಂತ ನಾಳೆ ಹೇಳೋರು ಅವರು, ಆ ಸಾಕ್ಷಿಗೇ ಉಡುಗೊರೆ. ಎಷ್ಟು ಕೊಟ್ಟೆ ಅನ್ನೋದ್ರ ಮೇಲೆ ಮರ್ಯಾದೆ. ಕೂಡಿಡೋದೇ ದೊಡ್ಡತನ ಅಂದ್ಕೊಂಡಿದ್ದ ಪಾದ್ರಿಗಳಿಗೂ ಅಧಿಕಾರಿಗಳಿಗೂ ಇದನ್ನ ನೋಡಿ ತಡ್ಕೊಳ್ಳೋಕಾಗ್ಲಿಲ್ಲ, ಇಂಡಿಯನ್ ಆಕ್ಟ್‌ಗೆ ತಿದ್ದುಪಡಿ ತಂದು 1885ರಿಂದ ಪಾಟ್‌ಲ್ಯಾಚ್ ಮಾಡೋದೇ ಅಪರಾಧ ಅಂತ ಮಾಡಿದ್ರು. (ಅಪ್ಪ ಅಮ್ಮ ಕೇಳಿಯೇ ಕೇಳ್ತಾರೆ, ಈ ಕಾನೂನಲ್ಲಿ ಇಂಡಿಯನ್ ಅಂದ್ರೆ ನಾವಲ್ಲ, ಇಲ್ಲಿನ ಮೂಲಜನ.) ಆ ನಿಷೇಧ ಕಾನೂನಿಂದ ಹೋಗಿದ್ದು 1951ರಲ್ಲಿ. ಅಷ್ಟೂ ವರ್ಷ ಜನ ಕದ್ದು ಮುಚ್ಚಿ ದೂರದ ದ್ವೀಪಗಳಲ್ಲಿ, ಚಳಿಗಾಲದಲ್ಲಿ ಅಧಿಕಾರಿಗಳ ದೋಣಿ ಬರೋಕಾಗದೇ ಇರೋ ಸಮಯ ನೋಡ್ಕೊಂಡು ಮಾಡ್ತಾ ಬಂದ್ರು.

1921ರ ಡಿಸೆಂಬರಲ್ಲಿ ವಿಲೇಜ್ ಐಲೆಂಡಲ್ಲಿ ಡ್ಯಾನ್ ಕ್ರ್ಯಾನ್ಮರ್ ಅನ್ನೋ ನಮ್ಗಿಸ್ ಮೂಲಜನರ ಮುಖ್ಯಸ್ಥ ಆರು ದಿನದ ಪಾಟ್‌ಲ್ಯಾಚ್ ಮಾಡಿದ, ದೋಣಿಗಳು, ಹೊಲಿಗೆ ಮಷೀನು, ಗ್ರಾಮಫೋನು, ಪೂಲ್ ಟೇಬಲ್ಲು, ಹಿಟ್ಟಿನ ಮೂಟೆ, ಏನೇನೆಲ್ಲ ಹಂಚಿದ. ಸುದ್ದಿ ಇಂಡಿಯನ್ ಏಜೆಂಟ್, ಅಂದ್ರೆ ಮೂಲಜನರ ಮೇಲೆ ಸರ್ಕಾರ ಇಟ್ಟಿದ್ದ ಅಧಿಕಾರಿ, ವಿಲಿಯಂ ಹ್ಯಾಲಿಡೇಗೆ ಹೋಯ್ತು. 45 ಜನರ ಮೇಲೆ ಕೇಸು. ಅಪರಾಧ ಏನಪ್ಪಾ ಅಂದ್ರೆ ಕುಣಿದಿದ್ದು, ಭಾಷಣ ಮಾಡಿದ್ದು, ಉಡುಗೊರೆ ಹೊತ್ತು ಕೊಟ್ಟಿದ್ದು. ನಿಮ್ಮ ಮುಖವಾಡ, ತಾಮ್ರದ ಫಲಕ, ಗಿಲಕಿ, ಹೊದಿಕೆ ಎಲ್ಲಾ ಒಪ್ಪಿಸಿಬಿಟ್ರೆ ಜೈಲಿಲ್ಲ ಅಂದ್ರು. ಕೆಲವರು ಒಪ್ಪಿಸಿದ್ರು. ಸುಮಾರು 20 ಜನ ಗಂಡಸ್ರು ಹೆಂಗಸ್ರು ಜೈಲಿಗೆ ಹೋದ್ರು, ಓಕಾಲಾ ಜೈಲಿಗೆ. ಬರ್ನಬಿಯವ್ರು ದಯವಿಟ್ಟು ಗಮನ ಕೊಡಿ, ಆ ಜೈಲು ಇದ್ದಿದ್ದು ಡೀರ್ ಲೇಕ್ ದಂಡೆ ಮೇಲಿನ ಇಳಿಜಾರಲ್ಲಿ, 1991ರಲ್ಲಿ ಮುಚ್ಚಿದ್ರು, ಈಗ ಅಲ್ಲಿ ಟೌನ್‌ಹೌಸ್‌ಗಳಿವೆ, ನಾವು ಸಂಜೆ ವಾಕಿಂಗ್ ಹೋಗ್ತೀವಿ. ಉಡುಗೊರೆ ಕೊಟ್ಟ ತಪ್ಪಿಗೆ ಜನ ಅಲ್ಲಿ ಬಂದಿ ಆಗಿದ್ರು. ವಶ ಮಾಡ್ಕೊಂಡ ನೂರಾರು ವಸ್ತುಗಳನ್ನ ಚರ್ಚ್ ಹಾಲಲ್ಲಿ ಬೆಂಚಿನ ಮೇಲೆ ಹರಡಿ ಪ್ರದರ್ಶನ ಮಾಡಿದ್ರು, ಒಂದಷ್ಟನ್ನ ನ್ಯೂಯಾರ್ಕಿನ ಸಂಗ್ರಾಹಕ ಜಾರ್ಜ್ ಹೈ ಕೊಂಡ್ಕೊಂಡ, ಉಳಿದಿದ್ದು ಒಟ್ಟಾವಾ, ಟೊರಾಂಟೋ ಮ್ಯೂಸಿಯಂಗಳಿಗೆ ಹೋಯ್ತು, ಕೆಲವು ಯುರೋಪ್ ಸೇರ್ತು.

ಈಗ ಇದನ್ನ ಯುಬಿಸಿ ಮ್ಯೂಸಿಯಂಗೆ ಜೋಡಿಸಿ ನೋಡಿ. ಗ್ರೇಟ್ ಹಾಲ್ ಗಾಜಿನಾಚೆ ಹುಲ್ಲಿನ ಮೇಲೆ ಎರಡು ಹೈಡಾ ಮನೆಗಳು ಕಾಣ್ತವಲ್ಲ, 1959ರಿಂದ 1962ರ ತನಕ ಅದನ್ನ ಕಟ್ಟಿದ್ದು ಹೈಡಾ ಕಲಾವಿದ ಬಿಲ್ ರೀಡ್ ಮತ್ತು ಡಗ್ ಕ್ರ್ಯಾನ್ಮರ್. ಡಗ್ ಕ್ರ್ಯಾನ್ಮರ್ ಆ ಡ್ಯಾನ್ ಕ್ರ್ಯಾನ್ಮರ್ ಮಗ! ಯಾವ ಕೂಟಕ್ಕೆ ನೆಂಟರಿಷ್ಟರು ಜೈಲು ಕಂಡ್ರೋ ಆ ಮನೆಯ ಹುಡುಗ, ಅದೇ ಕೆತ್ತನೆ ಕಲಿತು, ಅದೇ ಯೂನಿವರ್ಸಿಟೀಲಿ ಮನೆ ಎಬ್ಬಿಸಿದ. ಅವನ ಅಕ್ಕತಂಗಿಯರಲ್ಲಿ ಗ್ಲೋರಿಯಾ ಕ್ರ್ಯಾನ್ಮರ್ ವೆಬ್‌ಸ್ಟರ್ ಇದೇ ಮ್ಯೂಸಿಯಂನಲ್ಲಿ 1970ರ ದಶಕದಲ್ಲಿ ಕ್ಯುರೇಟರ್ ಕೆಲಸ ಮಾಡಿದ್ರು, ಆಮೇಲೆ ಊರಿಗೆ ವಾಪಸ್ ಹೋಗಿ, ತಂದೆಯ ಪಾಟ್‌ಲ್ಯಾಚಿಂದ ಕಿತ್ಕೊಂಡು ಹೋಗಿದ್ದನ್ನ ವಾಪಸ್ ತರಿಸೋ ಕೆಲಸಕ್ಕೆ ನಿಂತ್ರು, ತಮ್ಮ ಜನರ ಕ್ವಾಕ್ವಲಾ ಭಾಷೆಗೆ ಬರೆಯೋ ಪದ್ಧತಿ ಮಾಡೋದ್ರಲ್ಲೂ ಇದ್ರು, 2023ರಲ್ಲಿ ತೀರ್ಕೊಂಡ್ರು. ಮೊನ್ನೆ ಮೊನ್ನೆ ತನಕ ಇದ್ದವರು. ಇಂಥವರ ವಿಷಯಾನ "ಹಿಂದೊಂದು ಕಾಲದಲ್ಲಿ" ಅಂತ ಹೆಂಗೆ ಹೇಳೋದು ಹೇಳಿ.

ನಮ್ಮ ಅಪ್ಪಂದಿರಿಗೆ ಇದು ಅರ್ಥ ಆಗದ ವಿಷಯ ಏನಲ್ಲ. ಬ್ರಿಟಿಷ್ ಆಡಳಿತ ನಮ್ಮಲ್ಲೂ 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ತಂದು, ಮುಂದೆ ಕೊರಚರಂಥ ಎಷ್ಟೋ ಸಮುದಾಯಗಳನ್ನ ಹುಟ್ಟಿನಿಂದಲೇ ಅಪರಾಧಿಗಳು ಅಂತ ಪಟ್ಟಿಗೆ ಸೇರಿಸ್ತು, ಅದು ದೇಶಾದ್ಯಂತ ರದ್ದಾಗಿದ್ದು 1952ರಲ್ಲಿ. ಬಳ್ಳಾರಿ ಕಡೆಯ ಹಿರಿಯರಿಗೆ ಕೇಳಿದ್ರೆ ಇನ್ನೂ ನೆನಪಿರತ್ತೆ. ಇನ್ನೊಂದು ಲೆಕ್ಕಾನೂ ಹೇಳ್ತೀನಿ, ಬ್ರಿಟಿಷ್ ಕೊಲಂಬಿಯಾದಲ್ಲಿ ನಮ್ಮ ಉಪಖಂಡದವ್ರಿಗೆ ವೋಟು ಸಿಕ್ಕಿದ್ದು 1947ರಲ್ಲಿ, ಇಲ್ಲಿನ ಮೂಲಜನರಿಗೆ ಪ್ರಾಂತ್ಯದ ವೋಟು 1949ರಲ್ಲಿ, ದೇಶದ ಎಲೆಕ್ಷನ್ನಲ್ಲಿ ತಮ್ಮ ಸ್ಟೇಟಸ್ (ಕಾನೂನಲ್ಲಿ ಮೂಲಜನರು ಅನ್ನೋ ದರ್ಜೆ) ಬಿಡದೇ ವೋಟ್ ಹಾಕೋ ಹಕ್ಕು 1960ರಲ್ಲಿ. ಹೊರಗಿಂದ ಬಂದವರಿಗೆ ಮೊದಲು, ನೆಲದವರಿಗೆ ಆಮೇಲೆ. ನಾನು ಇದನ್ನ ಓದಿದ ಮೇಲೆ ಸಿಟಿಜನ್‌ಶಿಪ್ ಸೆರೆಮನಿ ಬಗ್ಗೆ ಯೋಚನೆ ಮಾಡೋ ರೀತೀನೇ ಬದಲಾಯ್ತು.

ಮುಖವಾಡ ನೋಡಿ ನಗೋ ವಿಷಯಕ್ಕೆ ಬರ್ತೀನಿ. ನಾನು ಕುಂದಾಪುರ ಕಡೆಯವಳು. ನಮ್ಮಲ್ಲಿ ಪಂಜುರ್ಲಿ ಮೊಗ ಇಟ್ಟಿರೋ ಗುಡಿ ಮುಂದೆ ಯಾರಾದ್ರೂ ಹೊರಗಿನವ್ರು ನಿಂತು ನಕ್ಕರೆ ನಾವು ಸುಮ್ನಿರ್ತೀವಾ? ಶಿರಿಯಾರ ಹತ್ರ ಮೆಕ್ಕೆಕಟ್ಟು ಗೊತ್ತಿರೋರಿಗೆ ಗೊತ್ತು, ನಂದಿಕೇಶ್ವರ ದೇವಸ್ಥಾನ, ಆಳೆತ್ತರದ ಬಣ್ಣ ಬಣ್ಣದ ಮರದ ಉರುಗಳು, ಅಂದ್ರೆ ದೈವದ ಮೂರ್ತಿಗಳು. ಅಲ್ಲಿನ ಹಳೇ ಉರುಗಳು ಇವತ್ತು ಇರೋದು ದೆಹಲಿಯ ಕ್ರಾಫ್ಟ್ಸ್ ಮ್ಯೂಸಿಯಂನಲ್ಲಿ, ಭೂತ ಗ್ಯಾಲರಿ ಅಂತಾನೇ ಇದೆ. ಹೊಸ ಉರು ಮಾಡಿ ಹಳೇದನ್ನ ಬಿಟ್ಟಿದ್ದು, ಯಾರೂ ಬಂದು ಕಿತ್ಕೊಂಡು ಹೋಗಿದ್ದಲ್ಲ, ಹಂಗಾಗಿ ಇದೂ ಪಾಟ್‌ಲ್ಯಾಚೂ ಒಂದೇ ಅಂತ ನಾನು ಹೇಳ್ತಿಲ್ಲ. ಆದ್ರೆ ಅಲ್ಲಿ ಆ ಲೈಟಿನ ಕೆಳಗೆ ನಮ್ಮ ದೈವಾನ ನೋಡಿದಾಗ, ಹೂವಿಲ್ಲ, ದೀಪ ಇಲ್ಲ, ದೈವದ ಕಥೆ ಹಾಡೋ ಪಾಡ್ದನ ಇಲ್ಲ, ಪಕ್ಕದಲ್ಲಿ ಯಾವುದೋ ಶಾಲೆ ಮಕ್ಕಳು ಗಲಾಟೆ ಮಾಡ್ತಿದಾರೆ, ನಂಗೆ ಚಪ್ಪಲಿ ಹಾಕ್ಕೊಂಡು ನಿಂತಿದೀನಲ್ಲ ಅಂತ ಮೈ ನಡುಗ್ತು. ವ್ಯಾಂಕೂವರಲ್ಲಿ ಮುಖವಾಡದ ಮುಂದೆ ನಿಂತಿರೋ ನಿಮ್ಮ ಪಕ್ಕದಲ್ಲಿರೋ ವ್ಯಕ್ತಿ ಆ ಮನೆತನದವ್ರೇ ಆಗಿರಬಹುದು, ಅವರಿಗೂ ಮೈ ನಡುಗ್ತಿರಬಹುದು, ಅಷ್ಟು ನೆನಪಿದ್ರೆ ಧ್ವನಿ ತಾನಾಗೇ ಇಳಿಯತ್ತೆ.

ಒಳಗಿರೋದೆಲ್ಲ ದುಃಖದ ಕಥೇನೇ ಅಂತಲ್ಲ, ಹಂಗೆ ಹೇಳಿ ಅಪ್ಪ ಅಮ್ಮನ್ನ ಹೆದರಿಸ್ಬೇಡಿ. ಕೆಲಸಗಾರಿಕೆ ನೋಡೋಕೇ ಒಂದು ದಿನ ಬೇಕು. ಸೀಡರ್ ಪೆಟ್ಟಿಗೆಗಳಿವೆ, ಬೆಂಟ್‌ವುಡ್ ಬಾಕ್ಸ್ ಅಂತಾರೆ, ಅದರ ನಾಲ್ಕೂ ಗೋಡೆ ಒಂದೇ ಹಲಗೆ, ಮೂರು ಕಡೆ ಅಡ್ಡ ಗೀರು ಕೊರೆದು, ಹಬೇಲಿ ಬೇಯಿಸಿ ಮೆತ್ತಗೆ ಮಾಡಿ, ಮೂಲೆ ಮುರೀದಂಗೆ ಬಗ್ಗಿಸಿ, ನಾಲ್ಕನೇ ಮೂಲೇನ ಮರದ ಗೂಟ ಹೊಡೆದೋ ಬೇರಿನ ದಾರದಲ್ಲಿ ಹೊಲಿದೋ ಸೇರಿಸ್ತಾರೆ. ನೀರು ಸೋರಲ್ಲ. ಅದ್ರಲ್ಲಿ ನೀರು ಹಾಕಿ ಕಾದ ಕಲ್ಲು ಇಳಿಸಿ ಅಡುಗೆ ಮಾಡ್ತಿದ್ರು. ನಮ್ಮ ಮಾವ ಹಳೇ ಬಡಗಿ ಕೆಲಸ ಬಲ್ಲವರು, ಮೊಳೆ ಇಲ್ಲದ ಆ ಮೂಲೆ ಮುಂದೆ ಬಗ್ಗಿ ಬಗ್ಗಿ ನೋಡ್ತಾ ನಿಂತವರು ಕದಲಲೇ ಇಲ್ಲ, ಇಂಗ್ಲಿಷ್ ಬರದ ಅವರಿಗೆ ಲೇಬಲ್ಲೇ ಬೇಕಾಗ್ಲಿಲ್ಲ. ಮಲ್ಟಿವರ್ಸಿಟಿ ಗ್ಯಾಲರೀಲಿ ಪ್ರಪಂಚದ ಎಲ್ಲಾ ಕಡೆಯ ಸಾವಿರಾರು ವಸ್ತುಗಳನ್ನ ಒತ್ತೊತ್ತಾಗಿ ಇಟ್ಟಿದಾರೆ, ಕೆಳಗೆ ಡ್ರಾಯರ್ ಇರತ್ತೆ, ಎಳೆದು ನೋಡಬಹುದು, ತುಂಬಾ ಜನ ಎಳೆಯೋದೇ ಇಲ್ಲ. ಅಲ್ಲಿ ಭಾರತದ ವಸ್ತುಗಳೂ ಇದಾವೆ, ನಮ್ಮವರು ಸೀದಾ ಅಲ್ಲಿಗೇ ಹೋಗಿ "ನೋಡು ನಮ್ದು" ಅಂತ ಖುಷಿ ಪಡ್ತಾರೆ, ಪಡಲಿ, ಆದ್ರೆ ಅದನ್ನ ನೋಡೋಕೆ ಯುಬಿಸಿಗೆ ಬರಬೇಕಿಲ್ಲ.

ಬಿಲ್ ರೀಡ್ ಅವರ 'ರೇವನ್' ಮುಂದೆ ಕೂತ್ಕೊಳ್ಳೋಕೆ ಮಾತ್ರ ಟೈಮ್ ಇಟ್ಕೊಳ್ಳಿ. ಹಳದಿ ಸೀಡರಲ್ಲಿ ಕೆತ್ತಿರೋ ದೊಡ್ಡ ಕಾಗೆ, ಅದರ ಕೆಳಗೆ ಚಿಪ್ಪು, ಚಿಪ್ಪಿಂದ ಹೆದರ್ಕೊಂಡು ಹೊರಗೆ ಬರ್ತಿರೋ ಮೊದಲ ಮನುಷ್ಯರು, ಹೈಡಾ ಜನ ಹೇಳೋ ಹುಟ್ಟಿನ ಕಥೆ, 1980ರಲ್ಲಿ ಮುಗಿದಿದ್ದು, 2004ರಲ್ಲಿ ಬಂದ 20 ಡಾಲರ್ ನೋಟಿನ ಮೇಲೂ ಇತ್ತು. ಅದನ್ನ ಕೂರಿಸಿರೋ ಜಾಗ ಎರಡನೇ ಮಹಾಯುದ್ಧದ ಫಿರಂಗಿ ಕಟ್ಟೆ. ಮಸ್ಕ್ವೀಮ್ ನೆಲದ ಮೇಲೆ ಕೆನಡಾ ಸೈನ್ಯದ ಕಾಂಕ್ರೀಟು, ಅದರ ಮೇಲೆ ಹೈಡಾ ಕಾಗೆ. ಮಕ್ಕಳಿಗೆ ಈ ಮೂರು ಪದರಾನೂ ತೋರಿಸಿ, ಅವರೇ ಪ್ರಶ್ನೆ ಕೇಳ್ತಾರೆ. ಕಾಲು ಗಟ್ಟಿ ಇರೋರು ಕ್ಯಾಂಪಸ್ಸಿನ ಮೇನ್ ಮಾಲ್‌ಗೂ ನಡ್ಕೊಂಡು ಹೋಗಿ, ಹೈಡಾ ಕೆತ್ತನೆಗಾರ ಜೇಮ್ಸ್ ಹಾರ್ಟ್ ಮಾಡಿದ ರೀಕನ್ಸಿಲಿಯೇಷನ್ ಪೋಲ್ 2017ರಲ್ಲಿ ಅಲ್ಲಿ ಎದ್ದು ನಿಂತಿದೆ, ನಡುವೆ ರೆಸಿಡೆನ್ಷಿಯಲ್ ಶಾಲೆ (ಮೂಲಜನರ ಮಕ್ಕಳನ್ನ ಮನೆಯಿಂದ ಕಿತ್ಕೊಂಡು ಹೋಗಿ ಇಡ್ತಿದ್ದ ವಸತಿ ಶಾಲೆ) ಕಟ್ಟಡ, ಅದಕ್ಕೆ ಹೊಡೆದಿರೋ ಸಾವಿರಾರು ತಾಮ್ರದ ಮೊಳೆಗಳು ಆ ಶಾಲೆಗಳಲ್ಲಿ ಸತ್ತ ಮಕ್ಕಳ ಗುರುತು.

"ಅವರದ್ದನ್ನ ಅವರಿಗೇ ವಾಪಸ್ ಕೊಡಬಾರದಾ" ಅಂತ ನಮ್ಮಮ್ಮ ಕೇಳಿದ್ರು, ನಿಮ್ಮನೇಲೂ ಕೇಳ್ತಾರೆ. ಕೊಡ್ತಿದಾರೆ, ನಿಧಾನಕ್ಕೆ, ಕೇಳಿ ಕೇಳಿ ಸಾಕಾದ ಮೇಲೆ. 1929ರಲ್ಲಿ ಹೈಸ್ಲಾ ಜನರಿಂದ ಸ್ವೀಡನ್‌ಗೆ ಹೋಗಿದ್ದ ಕಂಬ ವಾಪಸ್ ಬಂದಿದ್ದು 2006ರಲ್ಲಿ. ಅದೇ 1929ರಲ್ಲಿ ನಿಸ್ಗಾ ಜನ ಊರಲ್ಲಿಲ್ಲದ ಸಮಯದಲ್ಲಿ ಮಾರಿಯಸ್ ಬಾರ್ಬೋ ಅನ್ನೋ ಸಂಶೋಧಕ ತೆಗೆಸ್ಕೊಂಡು ಹೋದ 11 ಮೀಟರ್ ಎತ್ತರದ ನೆನಪಿನ ಕಂಬ ಸ್ಕಾಟ್ಲೆಂಡ್ ಮ್ಯೂಸಿಯಂ ಸೇರಿತ್ತು, 2023ರಲ್ಲಿ ಸೈನ್ಯದ ವಿಮಾನದಲ್ಲಿ ಊರಿಗೆ ಬಂತು. ಡ್ಯಾನ್ ಕ್ರ್ಯಾನ್ಮರ್ ಕೂಟದ ವಸ್ತುಗಳನ್ನ ಒಟ್ಟಾವಾ ವಾಪಸ್ ಕೊಡೋಕೆ ಒಪ್ಕೊಂಡಾಗ ಹಾಕಿದ ಷರತ್ತು ಏನು ಗೊತ್ತಾ, ನೀವು ಮ್ಯೂಸಿಯಂ ಕಟ್ಟಿದ್ರೆ ಮಾತ್ರ ಕೊಡ್ತೀವಿ ಅಂತ. ಕಿತ್ಕೊಂಡವರೇ ಷರತ್ತು ಹಾಕೋದು! ಕಟ್ಟಿದ್ರು, ಕೇಪ್ ಮಜ್‌ನಲ್ಲಿ 1979ರಲ್ಲಿ ಒಂದು, ನಮ್ಗಿಸ್ ಜನರ ಊರು ಅಲರ್ಟ್ ಬೇನಲ್ಲಿ 1980ರಲ್ಲಿ ಊಮಿಸ್ತಾ ಕಲ್ಚರಲ್ ಸೆಂಟರ್. ಊಮಿಸ್ತಾದಲ್ಲಿ ಆ ಮುಖವಾಡಗಳಿಗೆ ಗಾಜಿನ ಪೆಟ್ಟಿಗೆ ಇಲ್ಲ, ಪಾಟ್‌ಲ್ಯಾಚಲ್ಲಿ ಯಾವುದರ ನಂತರ ಯಾವುದು ಬರತ್ತೋ ಅದೇ ಕ್ರಮದಲ್ಲಿ ಇಟ್ಟಿದಾರೆ.

ಹಂಗಾಗಿ ನಮ್ಮ ಕನ್ನಡ ಬಳಗಗಳನ್ನ ನಡೆಸೋರಿಗೆ ಕೆಲವು ಮನವಿ ಇದೆ. ರಾಜ್ಯೋತ್ಸವಕ್ಕೂ ಯುಗಾದಿಗೂ ಸ್ಟೇಜ್ ಮೇಲೆ ನಿಂತು "ನಾವು ಈ ಮೂಲಜನರ ನೆಲದಲ್ಲಿದ್ದೀವಿ" ಅಂತ ಒಂದು ಪ್ಯಾರಾ ಓದ್ತೀರಿ, ಓದೋದು ಒಳ್ಳೇದೇ, ಆದ್ರೆ ವರ್ಷಕ್ಕೊಂದು ಸಲ ಆ ಪ್ಯಾರಾದ ಬದಲು ಒಬ್ಬ ಮಸ್ಕ್ವೀಮ್ ಅಥವಾ ಸ್ಕ್ವಾಮಿಶ್ ಹಿರಿಯರನ್ನ ಕರೆಸಿ, ಗೌರವಧನ ಕೊಟ್ಟು, ಅವರ ಮಾತನ್ನ ಪೂರ್ತಿ ಕೇಳೋಣ. ಮ್ಯೂಸಿಯಂಗೆ ಬಳಗದ ಕಡೆಯಿಂದ ಹೋಗೋದಾದ್ರೆ ಗೈಡೆಡ್ ಟೂರ್ ಬುಕ್ ಮಾಡಿ, ಮುಂಚೆ ಪಾಟ್‌ಲ್ಯಾಚ್ ಕಥೇನ ಕನ್ನಡದಲ್ಲಿ ಒಂದು ಪುಟ ಬರೆದು ಹಿರಿಯರ ಕೈಗೆ ಕೊಡಿ, ಬರೆಯೋ ಕೆಲಸ ನಂಗೆ ಕೊಡಿ, ನಾನು ಮಾಡ್ತೀನಿ. ಊರಿಗೆ ತಗೊಂಡು ಹೋಗೋಕೆ ಡೌನ್‌ಟೌನ್ ಅಂಗಡೀಲಿ ಎಲ್ಲೋ ಫ್ಯಾಕ್ಟರೀಲಿ ಅಚ್ಚು ಹಾಕಿದ ಪ್ಲಾಸ್ಟಿಕ್ ಟೋಟೆಮ್ ಕೊಳ್ಬೇಡಿ, ಮಾಡಿದ ಕಲಾವಿದರ ಹೆಸರು, ಅವರು ಯಾವ ನೇಷನ್ನಿನವರು (ಯಾವ ಮೂಲಜನರು) ಅಂತ ಬರೆದಿದ್ರೆ ಮಾತ್ರ ಕೊಳ್ಳಿ, ದುಡ್ಡು ಜಾಸ್ತಿ ಆದ್ರೆ ಒಂದು ಸಣ್ಣ ಪ್ರಿಂಟ್ ಸಾಕು.

ರಜೆ ಇದ್ದು ಡ್ರೈವ್ ಮಾಡೋ ಶಕ್ತಿ ಇರೋರು ವಿಸ್ಲರ್ ಬದಲು ಈ ಸಲ ಅಲರ್ಟ್ ಬೇಗೆ ಹೋಗಿ ಬನ್ನಿ. ಹಾರ್ಸ್‌ಶೂ ಬೇ ಇಂದ ನನೈಮೋ ಫೆರ್ರಿ, ಅಲ್ಲಿಂದ ಹೈವೇ 19ರಲ್ಲಿ ಉತ್ತರಕ್ಕೆ ಪೋರ್ಟ್ ಮೆಕ್‌ನೀಲ್ ತನಕ, ಮತ್ತೆ ಸಣ್ಣ ಫೆರ್ರಿ. ದಾರಿ ಉದ್ದ, ಹಿರಿಯರಿದ್ರೆ ಕ್ಯಾಂಬೆಲ್ ರಿವರಲ್ಲಿ ಒಂದು ರಾತ್ರಿ ಉಳ್ಕೊಳ್ಳಿ. ಊಮಿಸ್ತಾ ಪಕ್ಕದಲ್ಲೇ ಸೇಂಟ್ ಮೈಕಲ್ಸ್ ರೆಸಿಡೆನ್ಷಿಯಲ್ ಶಾಲೆ ಇತ್ತು, 2015ರಲ್ಲಿ ಕೆಡವಿದ್ರು, ಈಗ ಖಾಲಿ ಜಾಗ. ಸೆಂಟರ್ ಒಳಗೆ ಫೋಟೋ ತೆಗೆಯೋಕೆ ಮುಂಚೆ ಕೌಂಟರಲ್ಲಿ ಕೇಳಿ, ಬೇಡ ಅಂದ್ರೆ ಬೇಡ.

ಇಂತಿ,
ಬರ್ನಬಿಯಿಂದ ಒಬ್ಬ ಕುಂದಾಪುರದವಳು